ಕಟ್ಟಿ ಮುಗಿದ ಕಟ್ಟಡಕ್ಕೆ ಕಾನೂನು

ಹೊಸ ಕಟ್ಟಡವನ್ನು ಕಾನೂನಿನ ಅಂಕೆಗೆ ತರುವುದು ಸರ್ಕಾರಕ್ಕೆ ಅಷ್ಟು ಕಷ್ಟವಲ್ಲ. ನಕ್ಷೆ ಮಂಜೂರಾತಿಗೆ ಬಿಲ್ಡರ್ ಒಮ್ಮೆ ಕಚೇರಿಗೆ ಬರಬೇಕು, ವಿದ್ಯುತ್ ಸಂಪರ್ಕಕ್ಕೆ ಮತ್ತೊಮ್ಮೆ, ಓಸಿಗೆ, ಅಂದರೆ ಕಟ್ಟಡ ಬಳಕೆಗೆ ಯೋಗ್ಯವೆಂಬ ಪ್ರಮಾಣಪತ್ರಕ್ಕೆ, ಇನ್ನೊಮ್ಮೆ. ಪ್ರತಿ ಸಲವೂ ಷರತ್ತು ಹಾಕಬಹುದು: ಗಾಜು ಇಂಥದ್ದಿರಲಿ, ಚಾವಣಿಗೆ ಶಾಖ ತಡೆಯುವ ಪದರ ಇರಲಿ, ಏಸಿ ಯಂತ್ರ ಇಷ್ಟಾದರೂ ದಕ್ಷವಾಗಿರಲಿ. ಓಸಿ ಕೈಸೇರಿದ ಮೇಲೆ ಈ ಹಿಡಿತ ಉಳಿಯುವುದಿಲ್ಲ. ಅಲ್ಲಿಂದ ಮುಂದೆ ನಲವತ್ತು ಐವತ್ತು ವರ್ಷ ಆ ಕಟ್ಟಡ ವಿದ್ಯುತ್ ಬಳಸುತ್ತಲೇ ಇರುತ್ತದೆ. ಮಾಲೀಕರು, ಬಾಡಿಗೆದಾರರು ಬದಲಾಗುತ್ತಾರೆ, ಬೇಸ್‌ಮೆಂಟಿನ ಪಂಪು, ಏಸಿಗೆ ನೀರು ತಣಿಸುವ ಚಿಲ್ಲರ್‌ಗಳು ಸವೆಯುತ್ತವೆ, ಸರ್ಕಾರದ ಕಡೆಯಿಂದ ಒಳಗೆ ಇಣುಕುವವರು ಯಾರೂ ಇರುವುದಿಲ್ಲ. ಬಳಕೆಯಲ್ಲಿರುವ ಕಚೇರಿ, ಮಾಲ್, ಹೋಟೆಲ್, ಆಸ್ಪತ್ರೆಗಳ ವಿದ್ಯುತ್ ವ್ಯಯವನ್ನು ಕಾನೂನಿನಿಂದ ತಗ್ಗಿಸಬಹುದೇ, ತಗ್ಗಿಸುವುದಾದರೆ ಯಾವ ಬಗೆಯ ಕಾನೂನಿನಿಂದ ಎಂಬ ಪ್ರಶ್ನೆಗೆ ಸುಮಾರು ಐವತ್ತು ವರ್ಷಗಳಿಂದ ಉತ್ತರ ಹುಡುಕುತ್ತಿರುವ ದೇಶಗಳೂ ನಗರಗಳೂ ಇವೆ. ಅವುಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮೀಟರನ್ನು ನಂಬಿದ ನಿಯಮಗಳು ಸ್ವಲ್ಪವಾದರೂ ಗೆದ್ದಿವೆ. ನಕ್ಷೆಯನ್ನೂ ಪ್ರಮಾಣಪತ್ರವನ್ನೂ ನಂಬಿದವು ಎಡವಿವೆ. ಮೀಟರನ್ನು ನಂಬಿದವುಗಳಲ್ಲೂ, ಯಾವ ಯೂನಿಟ್ಟು ಮಾಲೀಕನ ಪಾಲು, ಯಾವುದು ಬಾಡಿಗೆದಾರನ ಪಾಲು ಎಂದು ಬಿಡಿಸಿದವು ಹೆಚ್ಚು ದೂರ ಹೋಗಿವೆ.

ಥರ್ಮೋಸ್ಟಾಟಿನ ಮೇಲೊಂದು ಆಜ್ಞೆ

1973ರ ತೈಲ ಬಿಕ್ಕಟ್ಟಿಗೆ ಮೊದಲು ಕಟ್ಟಡದ ಇಂಧನ ವ್ಯಯ ಹೆಚ್ಚಿನ ಸರ್ಕಾರಗಳ ಚಿಂತೆಯಾಗಿರಲಿಲ್ಲ. ಬಿಕ್ಕಟ್ಟಿನ ಬೆನ್ನಲ್ಲೇ 1975ರಲ್ಲಿ ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಆಶ್ರೇ ತನ್ನ ಮೊದಲ ಇಂಧನ ಮಾನದಂಡವನ್ನು ಹೊರತಂದಿತು. 1978ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಸಂಹಿತೆಯನ್ನು ಜಾರಿಗೊಳಿಸಿತು. ಎರಡರ ಕಣ್ಣೂ ಹೊಸ ಕಟ್ಟಡಗಳ ಮೇಲೆಯೇ ಇತ್ತು. ಇದ್ದ ಕಟ್ಟಡಗಳಿಗೆ ನೇರವಾಗಿ ಕೈಹಾಕಿದ ದೊಡ್ಡ ಪ್ರಯೋಗ 1979ರ ಜುಲೈನದು. ವಾಣಿಜ್ಯ ಮತ್ತು ಸರ್ಕಾರಿ ಕಟ್ಟಡಗಳನ್ನು ಬೇಸಿಗೆಯಲ್ಲಿ 78 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 25.5 ಸೆಲ್ಸಿಯಸ್‌ಗಿಂತ, ಹೆಚ್ಚು ತಣ್ಣಗಾಗಿಸಬಾರದು, ಚಳಿಗಾಲದಲ್ಲಿ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚು ಬಿಸಿ ಮಾಡಬಾರದು ಎಂದು ಅಧ್ಯಕ್ಷ ಕಾರ್ಟರ್ ಆದೇಶ ಹೊರಡಿಸಿದರು. 1981ರ ಫೆಬ್ರುವರಿಯಲ್ಲಿ, ಅಧಿಕಾರಕ್ಕೆ ಬಂದು ಒಂದು ತಿಂಗಳಾಗುವಷ್ಟರಲ್ಲಿ, ರೇಗನ್ ಅದನ್ನು ರದ್ದು ಮಾಡಿದರು.

ಆ ಆದೇಶ ಅಲ್ಪಾಯುವಾದರೂ ಅದರ ವಂಶ ಮುಂದುವರಿಯಿತು. ಜಪಾನ್ 2005ರಲ್ಲಿ ಕೋಟು, ಟೈ ಬಿಟ್ಟು ಕಚೇರಿಗೆ ಬನ್ನಿ, ಏಸಿಯನ್ನು 28 ಡಿಗ್ರಿಗೆ ಇಡಿ ಎಂಬ ಅಭಿಯಾನ ನಡೆಸಿತು. ಸ್ಪೇನ್ 2022ರಲ್ಲಿ ಅಂಗಡಿ, ಕಚೇರಿಗಳ ಏಸಿಗೆ 27 ಡಿಗ್ರಿಯ ಗಡಿ ಹಾಕಿತು. ಭಾರತದಲ್ಲಿ 2020ರಿಂದ ರೂಮ್ ಏಸಿಗಳು ಆನ್ ಮಾಡಿದೊಡನೆ 24 ಡಿಗ್ರಿಯಲ್ಲಿ ಶುರುವಾಗಬೇಕೆಂಬ ನಿಯಮ ಇದೆ. ಇಂಥ ಆಜ್ಞೆಗೆ ಖರ್ಚಿಲ್ಲ, ಹಳೆಯ ಕಟ್ಟಡ, ಹೊಸ ಕಟ್ಟಡ ಎಂಬ ಭೇದವಿಲ್ಲ, ನಾಳೆಯಿಂದಲೇ ಜಾರಿಗೆ ತರಬಹುದು. ಆದರೆ ಇದು ಯಂತ್ರವನ್ನು ಮುಟ್ಟುವುದಿಲ್ಲ. ಸವೆದ ಚಿಲ್ಲರ್ 25 ಡಿಗ್ರಿಯಲ್ಲೂ ಸವೆದ ಚಿಲ್ಲರೇ. ಮೇಲಾಗಿ, ಸರ್ಕಾರ ಬದಲಾದೊಡನೆ ಬದಲಾಗುವ ಆಜ್ಞೆಯನ್ನು ನಂಬಿ ಯಾವ ಮಾಲೀಕನೂ ಬಂಡವಾಳ ಹಾಕುವುದಿಲ್ಲ.

ಬಿಲ್ ಒಬ್ಬರದು, ಯಂತ್ರ ಇನ್ನೊಬ್ಬರದು

ಕಾನೂನೇ ಏಕೆ ಬೇಕು, ಉಳಿತಾಯವಿದ್ದರೆ ಮಾಲೀಕರು ತಾವಾಗಿಯೇ ಮಾಡಿಕೊಳ್ಳುವುದಿಲ್ಲವೇ ಎಂಬುದು ಈ ಚರ್ಚೆಯ ಮೂಲ ಪ್ರಶ್ನೆ. ಎಂಜಿನಿಯರುಗಳ ಲೆಕ್ಕದಲ್ಲಿ ಲಾಭ ಕಣ್ಣಿಗೆ ಕಾಣುತ್ತದೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದಲ್ಲಿ 2009ರಲ್ಲಿ ಶುರುವಾದ ಕೆಲಸವನ್ನೇ ನೋಡಿ. 6,514 ಕಿಟಕಿಗಳನ್ನು ಬಿಚ್ಚಿ, ಕಟ್ಟಡದೊಳಗೇ ಹಾಕಿದ ಕಾರ್ಯಾಗಾರದಲ್ಲಿ ಪದರ ಸೇರಿಸಿ, ಮತ್ತೆ ಕೂರಿಸಿದರು. ಇಂಧನ ವ್ಯಯ ಶೇ. 38ರಷ್ಟು ತಗ್ಗುವ ಅಂದಾಜು. ಕಿಟಕಿ, ದೀಪ, ರೇಡಿಯೇಟರುಗಳ ಕಡೆ ಮೊದಲು ಗಮನ ಹರಿಸಿದ್ದರಿಂದ ತಂಪಿನ ಹೊರೆಯೇ ಇಳಿಯಿತು, ಚಿಲ್ಲರ್‌ಗಳನ್ನು ತೆಗೆದು ದೊಡ್ಡವನ್ನು ಹಾಕುವ ಬದಲು ಇದ್ದವನ್ನೇ ನವೀಕರಿಸಿದರೆ ಸಾಕಾಯಿತು. ಮುಂಬೈಯಲ್ಲಿ 1972ರ ಗೋದ್ರೆಜ್ ಭವನ 2010ರಲ್ಲಿ ನವೀಕರಣಗೊಂಡಾಗ, ಹಾಕಿದ ಹಣ ಐದು ವರ್ಷದೊಳಗೆ ಹಿಂದಿರುಗುತ್ತದೆಂದು ಲೆಕ್ಕ ಹಾಕಲಾಗಿತ್ತು. ಹೀಗಿದ್ದರೂ ಇಂಥವು ಎದ್ದು ಹೇಳಬೇಕಾದ ಉದಾಹರಣೆಗಳಾಗಿಯೇ ಏಕೆ ಉಳಿದಿವೆ?

ಒಂದು ಪಂಥದ ಉತ್ತರ ಹೀಗಿದೆ. ಬಾಡಿಗೆ ಕಟ್ಟಡದಲ್ಲಿ ಚಿಲ್ಲರ್ ಮಾಲೀಕನದು, ಕರೆಂಟ್ ಬಿಲ್ ಬಾಡಿಗೆದಾರನದು. ಮೇಂಟೆನೆನ್ಸ್ ಚಾರ್ಜಿನಲ್ಲಿ ಸೇರಿಸಿ ವಸೂಲಾಗುವ ವೆಚ್ಚವನ್ನು ಇಳಿಸಲು ಮಾಲೀಕ ತನ್ನ ಗಂಟಿನಿಂದ ಏಕೆ ಖರ್ಚು ಮಾಡಬೇಕು? ಇನ್ನು ಬಾಡಿಗೆದಾರ, ಮೂರೋ ಐದೋ ವರ್ಷದ ಕರಾರಿನಲ್ಲಿ ಬಂದವನು, ಇಪ್ಪತ್ತು ವರ್ಷ ಬಾಳುವ ಯಂತ್ರಕ್ಕೆ ಹಣ ಹಾಕುವುದಿಲ್ಲ. ಇಬ್ಬರೂ ತಮ್ಮ ಮಟ್ಟಿಗೆ ಜಾಣರೇ, ಕಟ್ಟಡ ಮಾತ್ರ ದಂಡವಾಗಿ ಉರಿಯುತ್ತದೆ. ಅರ್ಥಶಾಸ್ತ್ರಜ್ಞರಾದ ಜಾಫೆ ಮತ್ತು ಸ್ಟಾವಿನ್ಸ್ 1994ರಲ್ಲಿ ಈ ಚರ್ಚೆಗೆ ಒಂದು ಶಿಸ್ತು ತಂದರು. ಸಾಧ್ಯವಿರುವ ಉಳಿತಾಯಕ್ಕೂ ಆಗುತ್ತಿರುವ ಉಳಿತಾಯಕ್ಕೂ ನಡುವೆ ಎಂಜಿನಿಯರ್ ಕಾಣುವ ಕಂದಕವೆಲ್ಲ ಮಾರುಕಟ್ಟೆಯ ಸೋಲಲ್ಲ, ಅದರಲ್ಲಿ ಅಡ್ಡಿ ಆತಂಕಗಳ, ಕಾಣದ ವೆಚ್ಚಗಳ ಪಾಲೂ ಇದೆ ಎಂಬುದು ಅವರ ವಾದ. ಈ ಸಂಶಯವಾದಿ ಪಂಥಕ್ಕೆ ದೊಡ್ಡ ಬಲ ಬಂದದ್ದು ಫೌಲಿ, ಗ್ರೀನ್‌ಸ್ಟೋನ್, ವೋಲ್ಫ್‌ರಾಮ್ ಎಂಬ ಮೂವರು 2018ರಲ್ಲಿ ಪ್ರಕಟಿಸಿದ ಮಿಷಿಗನ್ ಅಧ್ಯಯನದಿಂದ. ಮನೆಗಳ ನವೀಕರಣದಿಂದ ನಿಜಕ್ಕೂ ಆದ ಉಳಿತಾಯ ಅಂದಾಜಿನ ಶೇ. 40ನ್ನೂ ಮುಟ್ಟಿರಲಿಲ್ಲ. ಅದು ಮನೆಗಳ ಕಥೆ, ಕಚೇರಿಗಳದ್ದಲ್ಲ. ಆದರೂ ಅದರ ಪಾಠವನ್ನು ಪಕ್ಕಕ್ಕೆ ತಳ್ಳುವಂತಿಲ್ಲ. ಅಂದಾಜಿನ ಮೇಲೆ ನಿಂತ ನಿಯಮಕ್ಕೆ ಅಂದಾಜೇ ಶತ್ರು. ಮಾಲೀಕ, ಬಾಡಿಗೆದಾರರ ಸಿಕ್ಕನ್ನು ಮಾತ್ರ ಈ ಸಂಶಯವಾದ ಬಿಡಿಸುವುದಿಲ್ಲ, ಹಾಗಾಗಿ ಕಾನೂನಿಗೆ ಜಾಗ ಉಳಿದೇ ಇದೆ.

ಲೆಕ್ಕ ಹೊರಗಿಡಿ ಎನ್ನುವವರು

ಅತ್ಯಂತ ಸೌಮ್ಯವಾದ ಕಾನೂನು ಬಹಿರಂಗಪಡಿಸುವಿಕೆಯದು. ಏನನ್ನೂ ಬದಲಿಸಬೇಕಿಲ್ಲ, ವರ್ಷಕ್ಕೊಮ್ಮೆ ವ್ಯಯದ ಲೆಕ್ಕ ಹೇಳಿದರೆ ಸಾಕು. ನ್ಯೂಯಾರ್ಕ್ ನಗರ 2009ರಲ್ಲಿ ಲೋಕಲ್ ಲಾ 84ರ ಮೂಲಕ 50,000 ಚದರಡಿ ಮೀರಿದ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿತು. ಆಮೇಲೆ ಮಿತಿಯನ್ನು 25,000ಕ್ಕೆ ಇಳಿಸಿ, 2020ರಿಂದ ಪ್ರವೇಶದ್ವಾರದಲ್ಲೇ ಶಾಲೆಯ ಗ್ರೇಡಿನಂಥ ಅಕ್ಷರ ಅಂಟಿಸಬೇಕೆಂದಿತು. ಮುಚ್ಚಿಟ್ಟ ಲೆಕ್ಕ ಹೊರಬಂದಾಗ ಮುಜುಗರಗಳೂ ಹೊರಬಂದವು. ಲೀಡ್ ಎಂಬ ಹಸಿರು ಕಟ್ಟಡ ಶ್ರೇಣಿಯ ಪ್ಲಾಟಿನಂ ಪದಕ ಪಡೆದ ಮೊದಲ ಗಗನಚುಂಬಿ ಎಂಬ ಹೆಗ್ಗಳಿಕೆಯ ಬ್ಯಾಂಕ್ ಆಫ್ ಅಮೆರಿಕ ಗೋಪುರ, ಷೇರು ವಹಿವಾಟಿನ ಮಹಡಿಗಳ ಕಂಪ್ಯೂಟರುಗಳಿಂದಾಗಿ, ಚದರಡಿ ಲೆಕ್ಕದಲ್ಲಿ ಹಳೆಯ ಹಲವು ಕಟ್ಟಡಗಳಿಗಿಂತ ಹೆಚ್ಚು ಇಂಧನ ಬಳಸುತ್ತಿತ್ತು. ಪದಕ ಬಂದದ್ದು ವಿನ್ಯಾಸಕ್ಕೆ, ಬಿಲ್ ಬರುವುದು ಬಳಕೆಗೆ.

ಬಹಿರಂಗಪಡಿಸಿದ ಮಾತ್ರಕ್ಕೆ ವ್ಯಯ ತಗ್ಗುತ್ತದೆಯೇ? ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿ, 2008ರಿಂದ 2011ರವರೆಗೆ ಸತತ ಲೆಕ್ಕವಿಟ್ಟ 35,000 ಕಟ್ಟಡಗಳು ಶೇ. 7ರಷ್ಟು ಉಳಿಸಿದವು ಎಂದು ತೋರಿಸಿತು. ಆದರೆ ಲೆಕ್ಕವಿಡುವ ಶಿಸ್ತಿರುವ ಮಾಲೀಕ ಹೇಗೂ ಉಳಿಸುವವನೇ ಆಗಿರಬಹುದು, ಆ ಅಂಕಿಯಿಂದ ಕಾನೂನಿನ ಪಾಲನ್ನು ಬಿಡಿಸಿ ತೆಗೆಯುವುದು ಕಷ್ಟ. ಬಹಿರಂಗ ಪಂಥದ ನಿಜವಾದ ಸಾಧನೆ ಇರುವುದು ಆಸ್ಟ್ರೇಲಿಯಾದಲ್ಲಿ. 1990ರ ದಶಕದ ಕೊನೆಗೆ ನ್ಯೂ ಸೌತ್ ವೇಲ್ಸ್‌ನಲ್ಲಿ ಹುಟ್ಟಿ, ಮುಂದೆ ನೇಬರ್ಸ್ ಎಂಬ ಹೆಸರು ಪಡೆದ ತಾರೆಯ ಶ್ರೇಣಿ ಹನ್ನೆರಡು ತಿಂಗಳ ನಿಜವಾದ ಬಿಲ್ಲನ್ನೇ ಅಳೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೇಂದ್ರ ಹವಾನಿಯಂತ್ರಣ, ಲಿಫ್ಟ್, ಮೊಗಸಾಲೆಯ ದೀಪ ಮುಂತಾದ ಮಾಲೀಕನ ವಸ್ತುಗಳನ್ನು ಒಂದು ಲೆಕ್ಕಕ್ಕೂ ಬಾಡಿಗೆದಾರನ ದೀಪ, ಕಂಪ್ಯೂಟರುಗಳನ್ನು ಇನ್ನೊಂದು ಲೆಕ್ಕಕ್ಕೂ ಸೇರಿಸುತ್ತದೆ. ಮಾಲೀಕ ತನ್ನ ಬಾಡಿಗೆದಾರನನ್ನು ದೂರುವಂತಿಲ್ಲ. 2006ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ, ದೊಡ್ಡ ಕಚೇರಿಗಳನ್ನು ಬಾಡಿಗೆಗೆ ಹಿಡಿಯುವಾಗ ನಾಲ್ಕೂವರೆ ತಾರೆ ಬೇಕೆಂಬ ನೀತಿ ತಂದಿತು. 2010ರ ಕಾಯ್ದೆ 2,000 ಚದರ ಮೀಟರಿಗಿಂತ ದೊಡ್ಡ ಕಚೇರಿಯ ಮಾರಾಟ, ಬಾಡಿಗೆಯ ಜಾಹೀರಾತಿನಲ್ಲಿ ಶ್ರೇಣಿ ಇರಲೇಬೇಕೆಂದಿತು; 2017ರಲ್ಲಿ ಆ ಮಿತಿ 1,000ಕ್ಕೆ ಇಳಿಯಿತು. ಇಲ್ಲಿ ಕಾನೂನಿಗಿಂತ ಮೊದಲು ಕೆಲಸ ಮಾಡಿದ್ದು ಒಬ್ಬ ದೊಡ್ಡ ಬಾಡಿಗೆದಾರನ ಹಟ ಎಂಬುದನ್ನು ಮರೆಯಬಾರದು.

ಕನಿಷ್ಠ ದರ್ಜೆಯ ಪಂಥ

ಯುರೋಪ್ ಬೇರೆ ದಾರಿ ಹಿಡಿಯಿತು. ಐರೋಪ್ಯ ಒಕ್ಕೂಟದ 2002ರ ನಿರ್ದೇಶನದಿಂದ ಕಟ್ಟಡಗಳಿಗೆ ದರ್ಜೆ ಹೇಳುವ ಇಂಧನ ಪ್ರಮಾಣಪತ್ರ ಬಂತು. ಅದೇ ಪ್ರಮಾಣಪತ್ರವನ್ನು ಮುಂದೆ ಹೊಸ್ತಿಲಾಗಿ ಬಳಸಲಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2018ರ ಏಪ್ರಿಲ್‌ನಿಂದ ‘ಇ’ ದರ್ಜೆಗಿಂತ ಕೆಳಗಿನ ವಾಣಿಜ್ಯ ಜಾಗವನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ, 2023ರ ಏಪ್ರಿಲ್‌ನಿಂದ ಹಳೆಯ ಕರಾರನ್ನೂ ಮುಂದುವರಿಸುವಂತಿಲ್ಲ. ತಪ್ಪಿದರೆ ದಂಡ ಒಂದೂವರೆ ಲಕ್ಷ ಪೌಂಡ್‌ವರೆಗೆ. ಏಳು ವರ್ಷದೊಳಗೆ ಹಣ ಹಿಂದಿರುಗದ ಸುಧಾರಣೆಗೆ ವಿನಾಯಿತಿ. ನೆದರ್ಲೆಂಡ್ಸ್ ಕಚೇರಿಗಳಿಗೆ 2023ರಿಂದ ‘ಸಿ’ ದರ್ಜೆ ಕಡ್ಡಾಯ ಮಾಡಿತು. ಒಕ್ಕೂಟದ 2024ರ ಪರಿಷ್ಕೃತ ನಿರ್ದೇಶನದ ಪ್ರಕಾರ, ವಸತಿಯೇತರ ಕಟ್ಟಡಗಳಲ್ಲಿ ಅತ್ಯಂತ ಕಳಪೆಯಾದ ಶೇ. 16ರಷ್ಟು 2030ರೊಳಗೆ, ಶೇ. 26ರಷ್ಟು 2033ರೊಳಗೆ ಮೇಲೇಳಬೇಕು.

ಈ ಪಂಥದ ಬಲವೆಂದರೆ ಸ್ಪಷ್ಟತೆ. ಬ್ಯಾಂಕಿಗೂ ಅರ್ಥವಾಗುತ್ತದೆ, ವಕೀಲರಿಗೂ ಅರ್ಥವಾಗುತ್ತದೆ, ಕೆಳದರ್ಜೆಯ ಕಟ್ಟಡದ ಬೆಲೆ ತಾನಾಗಿ ಇಳಿಯುತ್ತದೆ. ದೌರ್ಬಲ್ಯ ಇನ್ನೂ ದೊಡ್ಡದು. ಪ್ರಮಾಣಪತ್ರ ಗೋಡೆ, ಕಿಟಕಿ, ಯಂತ್ರಗಳ ಗುಣದಿಂದ ಲೆಕ್ಕ ಹಾಕಿದ ಸಾಮರ್ಥ್ಯವನ್ನು ಹೇಳುತ್ತದೆಯೇ ಹೊರತು ಉರಿದ ಯೂನಿಟ್ಟನ್ನಲ್ಲ. ಬ್ರಿಟನ್ನಿನ ಕಟ್ಟಡ ಮಾಲೀಕರದೇ ಕೂಟವಾದ ಬೆಟರ್ ಬಿಲ್ಡಿಂಗ್ಸ್ ಪಾರ್ಟ್‌ನರ್‌ಶಿಪ್, ಜೋನ್ಸ್ ಲ್ಯಾಂಗ್ ಲಸಾಲ್ ಸಂಸ್ಥೆಯೊಂದಿಗೆ 2012ರಲ್ಲಿ ಹೊರತಂದ ವರದಿ, ದರ್ಜೆಗೂ ನಿಜವಾದ ವ್ಯಯಕ್ಕೂ ಸಂಬಂಧ ಅಷ್ಟಕ್ಕಷ್ಟೇ ಎಂದಿತು. ರಾತ್ರಿಯಿಡೀ ಖಾಲಿ ಮಹಡಿಗೆ ಗಾಳಿ ಊದುವ ‘ಬಿ’ ದರ್ಜೆಯ ಕಟ್ಟಡ ಈ ಕಾನೂನಿಗೆ ಸಿಗುವುದೇ ಇಲ್ಲ.

ಮಿತಿ ಹಾಕಿದ ನಗರಗಳು

ಮೂರನೆಯ ಪಂಥ ಹೇಗೆ ಎಂದು ಕೇಳುವುದಿಲ್ಲ, ಎಷ್ಟು ಎಂದು ಮಾತ್ರ ಕೇಳುತ್ತದೆ. ಟೋಕಿಯೋ 2010ರ ಏಪ್ರಿಲ್‌ನಲ್ಲಿ ಕಚೇರಿ ಕಟ್ಟಡಗಳನ್ನೂ ಒಳಗೊಂಡ ಇಂಗಾಲ ಮಿತಿ ಮತ್ತು ವಿನಿಮಯ ಪದ್ಧತಿ ತಂದಿತು. ನಗರವೊಂದು ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು. ವರ್ಷಕ್ಕೆ ಕನಿಷ್ಠ 1,500 ಕಿಲೋಲೀಟರ್ ಕಚ್ಚಾತೈಲಕ್ಕೆ ಸಮನಾದ ಇಂಧನ ಬಳಸುವ ಸುಮಾರು 1,300 ದೊಡ್ಡ ಸ್ಥಾವರಗಳಿಗೆ ಮಾತ್ರ ಅನ್ವಯ. 2002ರಿಂದ 2007ರ ನಡುವಿನ ಯಾವುದಾದರೂ ಮೂರು ಸತತ ವರ್ಷಗಳ ಸರಾಸರಿಯನ್ನು ಮಾಲೀಕರೇ ಆಧಾರವಾಗಿ ಆರಿಸಿಕೊಳ್ಳಬಹುದು. ಮೊದಲ ಐದು ವರ್ಷ ಶೇ. 6 ಅಥವಾ 8, ಎರಡನೆಯ ಅವಧಿಗೆ 15 ಅಥವಾ 17, ಮೂರನೆಯದಕ್ಕೆ 25 ಅಥವಾ 27ರಷ್ಟು ಇಳಿಕೆಯ ಗುರಿ. ಹೊಣೆ ಮಾಲೀಕನದು, ಸಹಕರಿಸುವ ಕರ್ತವ್ಯ ಬಾಡಿಗೆದಾರನದು, ದೊಡ್ಡ ಬಾಡಿಗೆದಾರ ತನ್ನದೇ ಯೋಜನೆ ಸಲ್ಲಿಸಬೇಕು. ಮೊದಲ ಅವಧಿಯ ಕೊನೆಗೆ ಒಟ್ಟು ಇಳಿಕೆ ಶೇ. 25 ಮುಟ್ಟಿತ್ತು. ಆಧಾರವರ್ಷದ ಆಯ್ಕೆ ಉದಾರವಾಗಿತ್ತು, 2011ರ ಭೂಕಂಪ ಮತ್ತು ಫುಕುಶಿಮಾ ದುರಂತದ ನಂತರ ಇಡೀ ನಗರವೇ ದೀಪ ಆರಿಸಿತ್ತು ಎಂದು ವಿಮರ್ಶಕರು ಹೇಳುತ್ತಾರೆ, ಅದರಲ್ಲಿ ಹುರುಳಿದೆ. ಆದರೆ ಕರೆಂಟಿನ ಕೊರತೆ ನೀಗಿದ ಮೇಲೂ ವ್ಯಯ ಹಳೆಯ ಎತ್ತರಕ್ಕೆ ಮರಳಲಿಲ್ಲ, ಆ ಭಾಗವನ್ನು ಭೂಕಂಪದ ಲೆಕ್ಕಕ್ಕೆ ಹಾಕಲಾಗದು.

ನ್ಯೂಯಾರ್ಕಿನ 2019ರ ಲೋಕಲ್ ಲಾ 97 ಹೆಚ್ಚು ಬಿರುಸಿನದು. 25,000 ಚದರಡಿ ಮೀರಿದ ಕಟ್ಟಡಗಳಿಗೆ 2024ರಿಂದ ಇಂಗಾಲದ ಮಿತಿ, 2030ರಿಂದ ಇನ್ನೂ ಬಿಗಿ, ಮೀರಿದ ಪ್ರತಿ ಟನ್ನಿಗೆ ವರ್ಷಕ್ಕೆ 268 ಡಾಲರ್ ದಂಡ. ಟೋಕಿಯೋ ಪ್ರತಿ ಕಟ್ಟಡವನ್ನೂ ಅದರದೇ ನಿನ್ನೆಯೊಂದಿಗೆ ಹೋಲಿಸಿತು, ಹಾಗಾಗಿ ನಿನ್ನೆ ದುಂದು ಮಾಡಿದವನಿಗೆ ಗುರಿ ಮುಟ್ಟುವುದು ಹಗುರ. ನ್ಯೂಯಾರ್ಕ್ ಒಂದು ಬಗೆಯ ಕಟ್ಟಡಗಳಿಗೆಲ್ಲ ಚದರಡಿಯ ಒಂದೇ ಅಳತೆ ಹಿಡಿಯಿತು, ಹಾಗಾಗಿ ಮೂರು ಪಾಳಿ ದುಡಿಯುವ ಕಟ್ಟಡಕ್ಕೆ ಪೆಟ್ಟು ಜಾಸ್ತಿ. ಫ್ರಾನ್ಸ್ 2019ರ ಆದೇಶದಲ್ಲಿ ಎರಡನ್ನೂ ಮುಂದಿಟ್ಟಿತು. 1,000 ಚದರ ಮೀಟರ್ ಮೀರಿದ ಸೇವಾವಲಯದ ಕಟ್ಟಡಗಳು ತಮ್ಮ ಹಳೆಯ ವ್ಯಯಕ್ಕೆ ಹೋಲಿಸಿ 2030ಕ್ಕೆ ಶೇ. 40, 2040ಕ್ಕೆ 50, 2050ಕ್ಕೆ 60ರಷ್ಟು ಇಳಿಸಬೇಕು, ಇಲ್ಲವೇ ಆಯಾ ಬಗೆಯ ಕಟ್ಟಡಕ್ಕೆ ನಿಗದಿಯಾದ ನೇರ ಮಿತಿ ಮುಟ್ಟಬೇಕು. ಮೊದಲೇ ದಕ್ಷವಾಗಿದ್ದವನಿಗೆ ಅನ್ಯಾಯವಾಗದಂಥ ಈ ಏರ್ಪಾಡು ನನಗೆ ಮೂರರಲ್ಲಿ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ದಂಡ ಮಾತ್ರ ಗರಿಷ್ಠ 7,500 ಯೂರೋ, ದೊಡ್ಡ ಮಾಲೊಂದಕ್ಕೆ ಕಾಫಿಯ ಖರ್ಚು.

ಭಾರತ: ಎರಡು ಬಾಗಿಲು

ನಮ್ಮ ಇಂಧನ ಸಂರಕ್ಷಣಾ ಕಾಯ್ದೆ 2001ರದು. ಅದರಡಿ 2007ರಲ್ಲಿ ಬಂದ ಕಟ್ಟಡ ಸಂಹಿತೆ ಇಸಿಬಿಸಿ ಮುಖ್ಯವಾಗಿ ಹೊಸ ಕಟ್ಟಡಗಳಿಗೆ, ಹಳೆಯದರ ದೊಡ್ಡ ಮಾರ್ಪಾಡುಗಳಿಗೆ ಅನ್ವಯ. 2010ರ ತಿದ್ದುಪಡಿ ಅನ್ವಯದ ಹೊಸ್ತಿಲನ್ನು 500 ಕಿಲೋವಾಟ್ ಲೋಡಿನಿಂದ 100ಕ್ಕೆ ಇಳಿಸಿತು. 2022ರ ತಿದ್ದುಪಡಿ ಸುಸ್ಥಿರತೆಯನ್ನೂ ವಸತಿ ಕಟ್ಟಡಗಳನ್ನೂ ಸೇರಿಸಿತು. ಇದು ಎಲ್ಲರೂ ಚರ್ಚಿಸುವ ಬಾಗಿಲು. ಹೆಚ್ಚು ಮಂದಿ ಗಮನಿಸದ ಇನ್ನೊಂದು ಬಾಗಿಲು 2001ರ ಕಾಯ್ದೆಯ ಅನುಸೂಚಿಯಲ್ಲೇ ಇದೆ. ಉಕ್ಕು, ಸಿಮೆಂಟ್, ಸಕ್ಕರೆ ಮುಂತಾಗಿ ಇಂಧನ ಹೆಚ್ಚು ಬೇಡುವ ವಲಯಗಳ ಪಟ್ಟಿಯ ಕೊನೆಗೆ ವಾಣಿಜ್ಯ ಕಟ್ಟಡಗಳೂ ಇವೆ. ಅಂದರೆ ಅಸ್ತಿತ್ವದಲ್ಲಿರುವ ದೊಡ್ಡ ಕಟ್ಟಡಕ್ಕೂ ಕಾರ್ಖಾನೆಯಂತೆಯೇ ಗುರಿ ಕೊಡುವ ಅಧಿಕಾರ ಕೇಂದ್ರಕ್ಕೆ ಮೊದಲಿನಿಂದ ಇತ್ತು. 2012ರಲ್ಲಿ ಕಾರ್ಖಾನೆಗಳಿಗೆ ಅಂಥ ಗುರಿ ಕೊಡಲು ಶುರುವಾದ ‘ಪ್ಯಾಟ್’ ಯೋಜನೆಯ ನಂತರದ ಸುತ್ತಿನಲ್ಲಿ ಹೋಟೆಲುಗಳನ್ನು ಸೇರಿಸಿಕೊಂಡದ್ದು ಆ ಬಾಗಿಲಿನ ಮೂಲಕವೇ. ಟೋಕಿಯೋದಂಥ ವ್ಯವಸ್ಥೆಗೆ ನಮ್ಮಲ್ಲಿ ಹೊಸ ಕಾಯ್ದೆ ಬೇಕಿಲ್ಲ.

ಅಳತೆಗೋಲೂ ಇದೆ. 2009ರಲ್ಲಿ ಇಂಧನ ದಕ್ಷತಾ ಬ್ಯೂರೋ ಕಚೇರಿಗಳಿಗೆ ತಂದ ತಾರೆಯ ಶ್ರೇಣಿ ನೇಬರ್ಸ್‌ನಂತೆ ನಿಜವಾದ ವ್ಯಯವನ್ನೇ ನೋಡುತ್ತದೆ. ದೆಹಲಿಯಂಥ ಹವೆಯಲ್ಲಿ ಹವಾನಿಯಂತ್ರಿತ ಕಚೇರಿ ಚದರ ಮೀಟರಿಗೆ ವರ್ಷಕ್ಕೆ 90 ಯೂನಿಟ್‌ಗಿಂತ ಕಡಿಮೆ ಬಳಸಿದರೆ ಐದು ತಾರೆ, 165ರಿಂದ 190ರ ನಡುವೆ ಇದ್ದರೆ ಒಂದು. ಹಗಲೂ ರಾತ್ರಿ ನಡೆಯುವ ಬಿಪಿಒಗಳನ್ನು ಗಂಟೆಯ ಲೆಕ್ಕದಲ್ಲಿ ಬೇರೆಯಾಗಿ ಅಳೆಯುವ ಜಾಣತನವೂ ಅದರಲ್ಲಿದೆ, ನ್ಯೂಯಾರ್ಕ್ ಎಡವಿದಲ್ಲಿ ನಾವು ಎಡವಿಲ್ಲ. ಕೊರತೆ ಎರಡು: ಶ್ರೇಣಿ ಐಚ್ಛಿಕ, ಮಾಲೀಕ, ಬಾಡಿಗೆದಾರರ ಪಾಲನ್ನು ಅದು ಬಿಡಿಸುವುದಿಲ್ಲ. ಐಚ್ಛಿಕವಾದದ್ದಕ್ಕೆ ಬರುವವರು ಚೆನ್ನಾಗಿ ಓದಿಕೊಂಡ ಹುಡುಗರೇ.

ಬೆಂಗಳೂರಿಗೆ ಈ ಪ್ರಶ್ನೆ ಈಗಲೇ ಮುಖ್ಯವಾಗಲು ಕಾರಣವಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಐದು ಹವಾ ವಲಯಗಳಲ್ಲಿ ಸಮಶೀತೋಷ್ಣಕ್ಕೆ ಮಾದರಿಯಾದ ಊರು ಇದು. ಅಂಥ ಊರಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಎದ್ದ ಗಾಜಿನ ಐಟಿ ಕಟ್ಟಡಗಳ ಚಿಲ್ಲರ್‌ಗಳು ಇಪ್ಪತ್ತು ವರ್ಷ ಮುಗಿಸಿ ಬದಲಾವಣೆಯ ಹೊತ್ತಿಗೆ ಬಂದಿವೆ. ಎಂಪೈರ್ ಸ್ಟೇಟ್‌ನ ಪಾಠ ಇಲ್ಲಿಗೆ ಸಲ್ಲುತ್ತದೆ. ಯಂತ್ರ ಬದಲಿಸುವ ಮೊದಲು ಹೊರೆ ಇಳಿಸಿದರೆ ಚಿಕ್ಕ ಯಂತ್ರ ಸಾಕು, ಹಾಗೆಯೇ ಬದಲಿಸಿದರೆ ಇನ್ನೆರಡು ದಶಕದ ವ್ಯಯ ಬರೆದುಕೊಟ್ಟಂತೆ. ತಂತ್ರಜ್ಞಾನದ ಕೊರತೆಯೇನೂ ಇಲ್ಲ. ಇನ್ಫೋಸಿಸ್ ಹೈದರಾಬಾದಿನಲ್ಲಿ ಒಂದೇ ಕಟ್ಟಡದ ಅರ್ಧಕ್ಕೆ ಮಾಮೂಲಿ ಏಸಿ, ಇನ್ನರ್ಧಕ್ಕೆ ಕಾಂಕ್ರೀಟ್ ಹಲಗೆಯೊಳಗೆ ತಣ್ಣೀರು ಹರಿಸುವ ಪದ್ಧತಿ ಅಳವಡಿಸಿ ಹೋಲಿಸಿದಾಗ, ಎರಡನೆಯದು ಸುಮಾರು ಮೂರನೇ ಒಂದು ಪಾಲು ಕಡಿಮೆ ವಿದ್ಯುತ್ ಬಳಸಿತು. ಆದರೆ ಅದು ತಾನೇ ಕಟ್ಟಿ, ತಾನೇ ಬಳಸಿ, ತಾನೇ ಬಿಲ್ ಕಟ್ಟುವ ಸಂಸ್ಥೆ. ಬಾಡಿಗೆ ಟೆಕ್ ಪಾರ್ಕಿನಲ್ಲಿ ಈ ಮೂವರೂ ಬೇರೆ ಬೇರೆ.

ಆಕ್ಷೇಪಗಳು

ಭಾರತದಲ್ಲಿ ಇನ್ನೂ ಕಟ್ಟಬೇಕಾದದ್ದೇ ಹೆಚ್ಚು, ಹಳೆಯದರ ಹಿಂದೆ ಏಕೆ ಬೀಳಬೇಕು ಎಂಬುದು ಮೊದಲ ಆಕ್ಷೇಪ. ಹೊಸ ಕಟ್ಟಡ ಓಸಿ ಪಡೆದ ಮರುದಿನವೇ ಹಳೆಯದು ಎಂಬುದನ್ನು ಈ ವಾದ ಮರೆಯುತ್ತದೆ. ಸಂಹಿತೆಯನ್ನು ನಕ್ಷೆಯ ಮೇಲೆ ಪಾಲಿಸಿದವನು ಬಳಕೆಯಲ್ಲೂ ಪಾಲಿಸಿದನೇ ಎಂದು ಕೇಳುವ ಕಾನೂನು ಬೇಕಾಗುವುದು ಹೊಸ ಕಟ್ಟಡಕ್ಕೂ ಸೇರಿಯೇ. ಎರಡನೆಯ ಆಕ್ಷೇಪ 1865ರಲ್ಲಿ ಜೆವನ್ಸ್ ಕಲ್ಲಿದ್ದಲ ವಿಷಯದಲ್ಲಿ ಎತ್ತಿದ್ದು: ದಕ್ಷತೆ ಹೆಚ್ಚಿದಷ್ಟೂ ಬಳಕೆ ಹೆಚ್ಚುತ್ತದೆ. ಏಸಿ ಇಲ್ಲದ ಮನೆಗೆ ಇದು ನಿಜವಾಗಬಹುದು; ಆಗಲೇ 22 ಡಿಗ್ರಿಗೆ ತಣ್ಣಗಾಗಿರುವ ಕಚೇರಿಯನ್ನು ಬಿಲ್ ಕಡಿಮೆಯಾಯಿತೆಂದು ಯಾರೂ 16ಕ್ಕೆ ಇಳಿಸುವುದಿಲ್ಲ.

ಮೂರನೆಯದು ಹೆಚ್ಚು ಗಂಭೀರ. ಇನ್ನೊಂದು ಇಲಾಖೆ, ಇನ್ನೊಬ್ಬ ಇನ್‌ಸ್ಪೆಕ್ಟರ್, ಇನ್ನೊಂದು ಮಾಮೂಲು ಎಂಬ ಭಯ ಸುಳ್ಳಲ್ಲ. ಇದಕ್ಕೆ ಉತ್ತರ ನಮ್ಮ ವಿದ್ಯುತ್ ಬಿಲ್ಲಿನಲ್ಲೇ ಇದೆ. ಎಚ್‌ಟಿ (ಹೈಟೆನ್ಷನ್) ಗ್ರಾಹಕರ ಪವರ್ ಫ್ಯಾಕ್ಟರ್ 0.90ಕ್ಕಿಂತ ಇಳಿದರೆ ಬಿಲ್ಲಿಗೇ ಹೆಚ್ಚುವರಿ ಶುಲ್ಕ ಬೀಳುತ್ತದೆ. ಅದಕ್ಕಾಗಿಯೇ ದೊಡ್ಡ ಕಟ್ಟಡಗಳು ಕೆಪಾಸಿಟರ್ ಪ್ಯಾನೆಲ್ ಹಾಕಿಸಿಕೊಂಡಿವೆ. ಹಳೆಯ, ಹೊಸ ಕಟ್ಟಡಗಳಿಗೆ ಸಮನಾಗಿ, ತಪಾಸಣೆಯಿಲ್ಲದೆ ನಡೆಯುವ ದಕ್ಷತಾ ನಿಯಮ ಇದು. ಯೂನಿಟ್ಟಿನ ಲೆಕ್ಕ ಸಂಪರ್ಕದ ಆರ್.ಆರ್. ನಂಬರಿನಡಿ ವಿದ್ಯುತ್ ಕಂಪನಿ ಬೆಸ್ಕಾಂ ಬಳಿ ಇದೆ, ಚದರಡಿಯ ಲೆಕ್ಕ ಆಸ್ತಿ ತೆರಿಗೆಯ ಘೋಷಣೆಯಲ್ಲಿ ಪಾಲಿಕೆಯ ಬಳಿ ಇದೆ. ಎರಡನ್ನೂ ಜೋಡಿಸಿದರೆ ನಗರದ ದೊಡ್ಡ ಕಟ್ಟಡಗಳ ವ್ಯಯ ಸೂಚ್ಯಂಕ ಒರಟಾಗಿಯಾದರೂ ಸಿಗುತ್ತದೆ. ಡೀಸೆಲ್ ಜನರೇಟರಿನ ಪಾಲು ಅದರಲ್ಲಿ ಬರುವುದಿಲ್ಲ, ತೆರಿಗೆ ಘೋಷಣೆಯಲ್ಲಿ ಕಡಿಮೆ ವಿಸ್ತೀರ್ಣ ತೋರಿಸಿದವರೂ ಇದ್ದಾರು. ಹಾಗೆ ತೋರಿಸಿದವನ ಸೂಚ್ಯಂಕ ವಿಪರೀತ ಏರಿ ಅವನೇ ಸಿಕ್ಕಿಬೀಳುತ್ತಾನೆ ಎಂಬುದು ಈ ಜೋಡಣೆಯ ಹೆಚ್ಚುವರಿ ಲಾಭ.

ಇನ್ನೂ ತೀರ್ಮಾನವಾಗದ್ದು

ಅಳೆಯಬೇಕಾದದ್ದು ಇಂಧನವನ್ನೋ ಇಂಗಾಲವನ್ನೋ ಎಂಬ ಜಗಳ ಮುಗಿದಿಲ್ಲ. ಕರ್ನಾಟಕದಲ್ಲಿ ಇದು ತೀಕ್ಷ್ಣವಾಗಿಯೇ ಎದುರಾಗುತ್ತದೆ. ಚಿತ್ರದುರ್ಗ, ಗದಗದ ಕಡೆಯ ಗಾಳಿ ವಿದ್ಯುತ್ತನ್ನು ಕರಾರು ಮಾಡಿ ತರಿಸಿಕೊಳ್ಳುವ ಸೋರುಬುರುಕ ಕಟ್ಟಡ ಇಂಗಾಲದ ಲೆಕ್ಕದಲ್ಲಿ ಪರಿಶುದ್ಧ, ಆದರೆ ಅದು ದುಂದು ಮಾಡಿದ ಪ್ರತಿ ಯೂನಿಟ್ಟೂ ಇನ್ನೊಬ್ಬರಿಗೆ ಸಿಗಬಹುದಾಗಿದ್ದ ಹಸಿರು ಯೂನಿಟ್ಟು. ಹಾಯೆನಿಸುವ ಉಷ್ಣತೆ ಎಷ್ಟು ಎಂಬುದರಲ್ಲೂ ಒಮ್ಮತವಿಲ್ಲ. ಭಾರತದ ಕಚೇರಿಗಳಲ್ಲೇ ನಡೆದ ಸಮೀಕ್ಷೆಯಿಂದ ಹೊರಬಂದ ಹೊಂದಾಣಿಕೆಯ ಮಾದರಿ, ಹೊರಗಿನ ಹವೆಯೊಂದಿಗೆ ಒಳಗಿನ ಹಿತವೂ ಬದಲಾಗುತ್ತದೆ ಎನ್ನುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಅದಕ್ಕೆ ಜಾಗ ಕೊಟ್ಟಿದೆ. ಬಾಡಿಗೆ ಕರಾರುಗಳು ಇನ್ನೂ ವರ್ಷವಿಡೀ ಒಂದೇ ಅಂಕಿ ಬರೆಯುತ್ತಿವೆ. ಹಳೆಯ ಗಾಜು ತೆಗೆದು ಹೊಸದು ಹಾಕುವಾಗ ಆ ಹೊಸ ಗಾಜಿನ ತಯಾರಿಕೆಗೆ ತಗುಲಿದ ಇಂಗಾಲವನ್ನು ಯಾವ ಖಾತೆಗೆ ಬರೆಯಬೇಕೆಂಬುದನ್ನು ಮೇಲೆ ಹೇಳಿದ ಕಾನೂನುಗಳಲ್ಲಿ ಹೆಚ್ಚಿನವು ಕೇಳಿಯೇ ಇಲ್ಲ.

ಎಲ್ಲಕ್ಕಿಂತ ಬಿಡಿಸಲಾಗದ ಗಂಟು ಮಾಲೀಕತ್ವದ್ದು. ನ್ಯೂಯಾರ್ಕಿನ ಲೋಕಲ್ ಲಾ 97ನ್ನು ನ್ಯಾಯಾಲಯಕ್ಕೆ ಎಳೆದವರಲ್ಲಿ ಮುಂಚೂಣಿಯಲ್ಲಿದ್ದದ್ದು ನಿವಾಸಿಗಳೇ ಒಟ್ಟಾಗಿ ಒಡೆಯರಾದ ಕ್ವೀನ್ಸ್ ಭಾಗದ ಒಂದು ಸಹಕಾರಿ ವಸತಿ ಸಮುಚ್ಚಯ, ಯಾವ ಗಗನಚುಂಬಿಯ ಒಡೆಯನೂ ಅಲ್ಲ; 2025ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿದರೂ ಅವರ ಖರ್ಚಿನ ಪ್ರಶ್ನೆ ಹಾಗೇ ಇದೆ. ಒಬ್ಬನೇ ಮಾಲೀಕನಿರುವ ಟೆಕ್ ಪಾರ್ಕಿಗೆ ನೋಟಿಸ್ ಕಳಿಸಬಹುದು. ಅಂಗಡಿ ಅಂಗಡಿಯಾಗಿ, ಮಹಡಿ ಮಹಡಿಯಾಗಿ ಮಾರಾಟವಾಗಿ, ಕಾಮನ್ ಏರಿಯಾದ ಬಿಲ್ಲಿಗೇ ಪ್ರತಿ ತಿಂಗಳು ತಕರಾರು ನಡೆಯುವ ನಮ್ಮ ಕಮರ್ಷಿಯಲ್ ಕಾಂಪ್ಲೆಕ್ಸುಗಳಲ್ಲಿ ಆ ನೋಟಿಸನ್ನು ಯಾರ ಹೆಸರಿಗೆ ಬರೆಯಬೇಕು ಎಂಬುದಕ್ಕೆ ಸಿಡ್ನಿಯಾಗಲಿ ಟೋಕಿಯೋ ಆಗಲಿ ಸಿದ್ಧ ಉತ್ತರ ಕೊಟ್ಟಿಲ್ಲ.